ಧೂಳುಸ್ಫೋಟದ ಪರೀಕ್ಷೆ: ದುಡಿಮೆಗಾರರ ಮಾತು ಮತ್ತು ಪ್ರಯೋಗಾಲಯ

ಹಿಟ್ಟು, ಸಕ್ಕರೆ, ಕಲ್ಲಿದ್ದಲು, ಮರದ ಪುಡಿ ಮೊದಲಾದವು ರಾಶಿಯಾಗಿ ಬಿದ್ದಿರುವಾಗ ನಿಧಾನವಾಗಿ ಉರಿಯುತ್ತವೆ. ಅವೇ ನುಣ್ಣನೆಯ ಧೂಳಾಗಿ ಮುಚ್ಚಿದ ಜಾಗದ ಗಾಳಿಯಲ್ಲಿ ತುಂಬಿಕೊಂಡಾಗ ಒಂದು ಕಿಡಿ ತಾಗಿದರೂ ಸ್ಫೋಟಿಸಬಲ್ಲವು. ಈ ಅಪಾಯವನ್ನು ಅಳೆಯುವ ಪರೀಕ್ಷೆಗಳನ್ನು ಇಪ್ಪತ್ತನೆಯ ಶತಮಾನದ ಪ್ರಯೋಗಾಲಯಗಳ ಕೊಡುಗೆಯೆಂದೇ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಆದರೆ ಆ ಪರೀಕ್ಷೆಗಳ ಹಿಂದಿರುವ ಪ್ರಶ್ನೆಗಳು ಅದಕ್ಕೂ ಬಹು ಮೊದಲೇ ದುಡಿಯುವವರ ಅನುಭವದ ಮಾತಿನಲ್ಲಿ ಮೂಡಿದ್ದವು.

1785ರ ಡಿಸೆಂಬರ್ 14ರ ಸಂಜೆ ಇಟಲಿಯ ಟ್ಯೂರಿನ್ ನಗರದಲ್ಲಿ ಜಾಕೊಮೆಲ್ಲಿ ಎಂಬಾತನ ಬೇಕರಿಯ ಉಗ್ರಾಣದಲ್ಲಿ ಹುಡುಗನೊಬ್ಬ ಹಿಟ್ಟನ್ನು ತೋಡುತ್ತಿದ್ದನು. ಹಿಟ್ಟಿನ ರಾಶಿ ಒಮ್ಮೆಲೇ ಕುಸಿದು ಎದ್ದ ಧೂಳಿಗೆ ಗೋಡೆಯ ದೀಪದ ಉರಿ ತಾಗಿತು. ಅಂಗಡಿಯ ಕಿಟಕಿಗಳು ಬೀದಿಗೆ ಸಿಡಿದವು. ಹುಡುಗನ ಮುಖ, ತೋಳುಗಳು ಸುಟ್ಟವು. ಘಟನೆಯನ್ನು ಕೌಂಟ್ ಮೊರೋಟ್ಸೋ ವಿಚಾರಿಸಿ ದಾಖಲಿಸಿದನು. ಅಷ್ಟು ಒಣಗಿದ ಹಿಟ್ಟನ್ನು ತಾನು ಹಿಂದೆಂದೂ ಕಂಡಿರಲಿಲ್ಲವೆಂದು ಬೇಕರಿಯವನು ಅವನಿಗೆ ಹೇಳಿದ್ದನು. ಆ ಪ್ರಾಂತದಲ್ಲಿ ಐದಾರು ತಿಂಗಳಿಂದ ಮಳೆಯಿರಲಿಲ್ಲ. ಧಾನ್ಯದ ಒಣಗುವಿಕೆಯೇ ಅವಘಡಕ್ಕೆ ಕಾರಣವೆಂಬುದು ಆತನ ನಿಲುವು. ಉಪಕರಣಗಳಿಲ್ಲದ ಕಾಲದಲ್ಲಿ, ಹಿಟ್ಟಿನ ಜೊತೆಗೆ ಬಾಳಿದವನ ಕೈಯೇ ತೇವಾಂಶದ ಮಾಪಕವಾಗಿತ್ತು.

ಇಂಥ ಅನುಭವಕ್ಕೆ ಎಲ್ಲೆಡೆಯೂ ಮನ್ನಣೆ ದೊರೆಯಲಿಲ್ಲ. 1844ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಹ್ಯಾಸ್‌ವೆಲ್ ಕಲ್ಲಿದ್ದಲು ಗಣಿಯಲ್ಲಿ 95 ಮಂದಿ ಮಡಿದರು. ಗಣಿಕಾರ್ಮಿಕರ ಪರ ವಕೀಲ ಡಬ್ಲ್ಯು. ಪಿ. ರಾಬರ್ಟ್ಸ್‌ನ ಒತ್ತಾಯದ ಮೇರೆಗೆ ಸರ್ಕಾರವು ಮೈಕೇಲ್ ಫ್ಯಾರಡೆ ಮತ್ತು ಚಾರ್ಲ್ಸ್ ಲಯೆಲ್ ಇವರನ್ನು ಕಳುಹಿಸಿತು. ಗಣಿಯೊಳಗಿನ ಆಧಾರಕಂಬಗಳ ಮೇಲೆ ಸುಟ್ಟ ಧೂಳಿನ ಪದರವನ್ನು ಅವರು ಕಂಡರು. ಅನಿಲದಿಂದ ಹುಟ್ಟಿದ ಉರಿಯನ್ನು ಧೂಳು ಹಿಗ್ಗಿಸಿತೆಂದು ವರದಿ ಮಾಡಿದರು. ಪಂಚರು ಮಾತ್ರ ಆಕಸ್ಮಿಕ ಮರಣವೆಂದು ತೀರ್ಮಾನಿಸಿದರು. ಧೂಳಿನ ಪಾತ್ರ ಗಂಭೀರ ಚರ್ಚೆಗೆ ಬರಲು 1870ರ ದಶಕದಲ್ಲಿ ವಿಲಿಯಂ ಗ್ಯಾಲೊವೇ ನಡೆಸಿದ ಪ್ರಯೋಗಗಳವರೆಗೆ ಕಾಯಬೇಕಾಯಿತು.

1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಶ್‌ಬರ್ನ್ 'ಎ' ಹಿಟ್ಟಿನ ಗಿರಣಿ ಸ್ಫೋಟಿಸಿ, ಅಕ್ಕಪಕ್ಕದ ಗಿರಣಿಗಳಲ್ಲಿದ್ದವರೂ ಸೇರಿ 18 ಕಾರ್ಮಿಕರು ಸತ್ತರು. ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಪೆಕ್‌ಹ್ಯಾಮ್ ಮತ್ತು ಪೆಕ್ ಕಾರಣವನ್ನು ಪ್ರಯೋಗಗಳಿಂದ ಶೋಧಿಸಿದರು. ದೀಪವಿಟ್ಟ ಪೆಟ್ಟಿಗೆಯೊಳಗೆ ಹಿಟ್ಟಿನ ಧೂಳನ್ನು ಊದಿದಾಗ, ಮುಚ್ಚಳದ ಮೇಲೆ ನಿಂತಿದ್ದ ಮನುಷ್ಯರನ್ನೇ ಸ್ಫೋಟವು ಮೇಲೆತ್ತಿತು. ಟ್ಯೂರಿನ್‌ನ ಉಗ್ರಾಣದಲ್ಲಿ ಆದದ್ದೇ ಇಲ್ಲಿ ಪುನರಾವರ್ತಿಸಬಹುದಾದ ಪ್ರಯೋಗವಾಯಿತು.

ಇಂದು ವ್ಯಾಪಕವಾಗಿ ಬಳಕೆಯಲ್ಲಿರುವುದು 20 ಲೀಟರಿನ ಉಕ್ಕಿನ ಗೋಳ. ಒಣಗಿಸಿ ಜರಡಿ ಹಿಡಿದ ಧೂಳನ್ನು ಗಾಳಿಯ ಒತ್ತಡದಿಂದ ಅದರೊಳಗೆ ಚಿಮ್ಮಿಸಿ, 60 ಮಿಲಿಸೆಕೆಂಡುಗಳ ತರುವಾಯ ಕಿಡಿ ಹೊತ್ತಿಸುತ್ತಾರೆ. ಒತ್ತಡವು ಏರುವ ವೇಗದಿಂದ ಕೆಎಸ್‌ಟಿ ಎಂಬ ಸೂಚ್ಯಂಕವನ್ನು ಲೆಕ್ಕಹಾಕಿ ಸ್ಫೋಟಕ ಧೂಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. 200ರವರೆಗಿನದು ಮೊದಲನೆಯ, ಅಂದರೆ ದುರ್ಬಲ ವರ್ಗ. ಧೂಳು ಎಷ್ಟು ಒಣಗಿದೆ, ಎಷ್ಟು ನುಣುಪಾಗಿದೆ ಎಂಬುದನ್ನು ಪರೀಕ್ಷೆಗೆ ಮುನ್ನವೇ ನಿರ್ಧರಿಸಲಾಗುತ್ತದೆ. ಬೇಕರಿಯವನು ಒತ್ತಿ ಹೇಳಿದ ಅಂಶಕ್ಕೆ ಇಲ್ಲಿ ಅಂಕಿಯ ರೂಪ ಬಂದಿದೆ.

ಆದರೂ ಅಂಕಿಗೆ ಮಿತಿಯಿದೆ. ಸಕ್ಕರೆಯ ಧೂಳು ಸಾಮಾನ್ಯವಾಗಿ ದುರ್ಬಲ ವರ್ಗಕ್ಕೆ ಸೇರಿದುದು. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನ ಸಕ್ಕರೆ ಕಾರ್ಖಾನೆಯಲ್ಲಿ ಅದೇ ಧೂಳು 14 ಜನರನ್ನು ಬಲಿ ತೆಗೆದುಕೊಂಡಿತು. ಮೊದಲ ಸ್ಫೋಟವು ಕಟ್ಟಡದಲ್ಲಿ ಶೇಖರವಾಗಿದ್ದ ಧೂಳನ್ನು ಎಬ್ಬಿಸಿ ಸರಣಿ ಸ್ಫೋಟಗಳಿಗೆ ಎಡೆಮಾಡಿತ್ತು. ಧೂಳಿನ ಸ್ವಭಾವವನ್ನು ಗೋಳ ಹೇಳಬಲ್ಲದು. ತೊಲೆಯ ಮೇಲೆ ಅದು ಎಷ್ಟು ದಪ್ಪವಾಗಿ ಕುಳಿತಿದೆ ಎಂಬುದನ್ನು ಬಲ್ಲವರು ಅಲ್ಲಿ ಕಸಬರಿಗೆ ಹಿಡಿದವರು. ಟ್ಯೂರಿನ್‌ನಲ್ಲಿ ವಿದ್ವಾಂಸನೊಬ್ಬನು ಬೇಕರಿಯವನ ಮಾತನ್ನು ಕೇಳಿ ಬರೆದಿಟ್ಟದ್ದರಿಂದಲೇ ಆ ಅರಿವು ಉಳಿದುಬಂದಿತು. ದುಡಿಮೆಗಾರರ ಮಾತನ್ನು ಪರೀಕ್ಷಾವರದಿಯ ಜೊತೆಗಿಟ್ಟು ಓದುವುದು ಜೀವರಕ್ಷಣೆಯ ದೃಷ್ಟಿಯಿಂದ ಅನಿವಾರ್ಯವೆಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.