ಲೈನ್ ಲೆವೆಲ್

ಧ್ವನಿಸಂಕೇತವು ಒಂದು ಉಪಕರಣದಿಂದ ಮತ್ತೊಂದು ಉಪಕರಣಕ್ಕೆ ತಂತಿಯ ಮೂಲಕ ಸಾಗುವಾಗ ಇರಬೇಕಾದ ವಾಡಿಕೆಯ ಮಟ್ಟಕ್ಕೆ ಲೈನ್ ಲೆವೆಲ್ ಎಂದು ಹೆಸರು. ಮೈಕ್ರೊಫೋನಿನಿಂದ ಹೊರಡುವ ಕೆಲವೇ ಮಿಲಿವೋಲ್ಟುಗಳ ಕ್ಷೀಣ ಸಂಕೇತವು ವರ್ಧಿತವಾಗಿ ಈ ಮಟ್ಟವನ್ನು ಮುಟ್ಟುತ್ತದೆ. ಸ್ಪೀಕರನ್ನು ನಡೆಸುವ ಸಾಮರ್ಥ್ಯವಾದರೋ ಪವರ್ ಆಂಪ್ಲಿಫೈಯರಿನಿಂದಲೇ ಒದಗತಕ್ಕದ್ದು.

ಇಲ್ಲಿನ ಲೈನ್ ಮೂಲತಃ ಟೆಲಿಫೋನಿನದು. ಅಮೆರಿಕದ ರೇಡಿಯೋ ಜಾಲಗಳು ತಮ್ಮ ಕಾರ್ಯಕ್ರಮಗಳನ್ನು ಊರಿಂದೂರಿಗೆ ಟೆಲಿಫೋನ್ ತಂತಿಗಳಲ್ಲಿಯೇ ಕಳುಹುತ್ತಿದ್ದ ಕಾಲದಲ್ಲಿ, ಧ್ವನಿಮಟ್ಟವನ್ನಳೆಯುವ ಮೀಟರುಗಳೂ ಅವುಗಳ ಆಧಾರಮಟ್ಟಗಳೂ ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದುದರಿಂದ, ಬೆಲ್ ಪ್ರಯೋಗಾಲಯವೂ ಸಿಬಿಎಸ್ ಮತ್ತು ಎನ್‌ಬಿಸಿ ಸಂಸ್ಥೆಗಳೂ ಕೂಡಿ ವಿಯು ಮೀಟರನ್ನು ರೂಪಿಸಿ 1939ರಲ್ಲಿ ಬಳಕೆಗೆ ತಂದುವು. 600 ಓಮ್ ರೋಧದಲ್ಲಿ 1 ಮಿಲಿವಾಟ್, ಎಂದರೆ 0.775 ವೋಲ್ಟ್, ಆಧಾರವೆನಿಸಿತು.

ಆದರೆ ಸ್ಟುಡಿಯೋಗಳ ವಾಡಿಕೆಯ ಮಟ್ಟ ಅದಕ್ಕಿಂತ 4 ಡೆಸಿಬೆಲ್ ಮೇಲಿರುವುದೇಕೆಂಬುದನ್ನು ಅನೇಕ ಕೈಪಿಡಿಗಳು ವಿವರಿಸದೆ ಬಿಡುತ್ತವೆ. ಕಾರಣವಿರುವುದು ಮೀಟರಿನಲ್ಲಿಯೇ. ಅದರೊಳಗಿನ ರೆಕ್ಟಿಫೈಯರು ನೇರವಾಗಿ ಲೈನಿಗೆ ತಗುಲಿದಲ್ಲಿ ಧ್ವನಿ ವಿಕೃತವಾಗುವುದರಿಂದ ನಡುವೆ 3600 ಓಮ್‌ಗಳ ರೋಧಕವೊಂದನ್ನು ಸೇರಿಸಬೇಕಾಯಿತು. ಅದರಿಂದ ಮೀಟರಿನ ಸಂವೇದನೆ ತಗ್ಗಿ, ಮುಳ್ಳು ಶೂನ್ಯದ ಗೆರೆಗೆ ಬರಬೇಕಾದರೆ ಲೈನಿನಲ್ಲಿ 1.228 ವೋಲ್ಟ್ ಇರುವುದು ಅವಶ್ಯವಾಯಿತು.

ತರುವಾಯದ ಉಪಕರಣಗಳು ತಮ್ಮ ಪ್ರವೇಶದಲ್ಲಿ ಅಧಿಕ ರೋಧವನ್ನಿರಿಸಿಕೊಂಡು, ಶಕ್ತಿಗೆ ಬದಲಾಗಿ ವೋಲ್ಟೇಜನ್ನು ಮಾತ್ರ ಸ್ವೀಕರಿಸತೊಡಗಿದುವು. 600 ಓಮ್‌ಗಳ ಹಂಗು ತಪ್ಪಿತು, 0.775 ವೋಲ್ಟ್ ಮಾತ್ರ ಡಿಬಿಯು ಮಾನದ ಆಧಾರವಾಗಿ ಉಳಿಯಿತು. ಗೃಹೋಪಯೋಗಿ ಉಪಕರಣಗಳಾದರೋ 1 ವೋಲ್ಟನ್ನು ಆಧಾರವಾಗುಳ್ಳ ಡಿಬಿವಿ ಮಾನವನ್ನು ಹಿಡಿದು, ಅದಕ್ಕಿಂತ 10 ಡೆಸಿಬೆಲ್ ಕೆಳಗೆ, ಎಂದರೆ 0.316 ವೋಲ್ಟಿನಲ್ಲಿ, ನೆಲೆನಿಂತುವು. ಪ್ಲಸ್ 4ಕ್ಕೂ ಮೈನಸ್ 10ಕ್ಕೂ ಅಂತರ 14 ಡೆಸಿಬೆಲ್ ಎಂದು ತಜ್ಞರೂ ಒಮ್ಮೊಮ್ಮೆ ಬರೆಯುವುದುಂಟು. ಆಧಾರಗಳೆರಡೂ ಬೇರೆಯಾದ ಕಾರಣ ಈ ವ್ಯವಕಲನವೇ ಅಸಾಧು. ನಿಜವಾದ ಅಂತರ ಸುಮಾರು 11.8 ಡೆಸಿಬೆಲ್, ವೋಲ್ಟೇಜಿನಲ್ಲಿ ನಾಲ್ಕು ಪಟ್ಟಿಗೆ ತುಸು ಕಡಿಮೆ. ಮಟ್ಟ ಹೊಂದಿಸುವಾಗ ಈ ಎರಡು ಲೆಕ್ಕಗಳ ನಡುವಣ ಸುಮಾರು 2 ಡೆಸಿಬೆಲ್ ವ್ಯತ್ಯಾಸ ಗಣನೀಯವೇ ಸರಿ.

ಡಿಜಿಟಲ್ ಯುಗದಲ್ಲಿ ಗೊಂದಲ ಮತ್ತೂ ಹೆಚ್ಚಿತು. ಅಮೆರಿಕದ ಎಸ್‌ಎಂಪಿಟಿಇ ಸಂಸ್ಥೆಯ ಪದ್ಧತಿಯಲ್ಲಿ ವಾಡಿಕೆಯ ಮಟ್ಟವು ಪೂರ್ಣಮಾನಕ್ಕಿಂತ, ಎಂದರೆ ಸಾಧ್ಯವಿರುವ ಗರಿಷ್ಠ ಡಿಜಿಟಲ್ ಮಟ್ಟಕ್ಕಿಂತ, 20 ಡೆಸಿಬೆಲ್ ಕೆಳಗಿದ್ದರೆ, ಯೂರೋಪಿನ ಪ್ರಸಾರ ಒಕ್ಕೂಟದ್ದು 18 ಡೆಸಿಬೆಲ್ ಕೆಳಗಿದೆ. ಸಿಡಿ ಪ್ಲೇಯರುಗಳ ಮೇಲೆ ಸಾಮಾನ್ಯವಾಗಿ ನಮೂದಾಗಿರುವ 2 ವೋಲ್ಟ್ ಎಂಬುದಾದರೋ ವಾಡಿಕೆಯ ಮಟ್ಟವಲ್ಲ, ಪೂರ್ಣಮಾನದ ಗರಿಷ್ಠ ಮಟ್ಟ.