ಒಂದೇ ಪದ, ಎರಡು ಪದಕ

ಇಂಗ್ಲಿಷಿನಲ್ಲಿ ‘ವ್ಯಾಲರ್’ ಅಂತ ಒಂದು ಹಳೇ ಪದ ಇದೆ. ಶೌರ್ಯ ಅಂತ ಅರ್ಥ. ಮಾತಿನಲ್ಲಿ ಈಗ ಕೇಳಿಸೋದೇ ಅಪರೂಪ, ಪದಕಗಳ ಮೇಲೆ ಉಳಿದುಕೊಂಡಿದೆ.

1856ರಲ್ಲಿ ವಿಕ್ಟೋರಿಯಾ ಕ್ರಾಸ್ ತಯಾರಾಗುವಾಗ ಅದರ ಮೇಲೆ ‘ಧೀರರಿಗಾಗಿ’ ಅಂತ ಬರೆಯುವ ಸಲಹೆ ಬಂತು. ರಾಣಿ ಒಪ್ಪಲಿಲ್ಲ. ಹಾಗಾದರೆ ಪದಕ ಸಿಕ್ಕವರಷ್ಟೇ ಧೀರರು ಅಂತಾಗುತ್ತದಲ್ಲ ಅನ್ನೋದು ಆಕೆಯ ತಕರಾರು. ಕೊನೆಗೆ ‘ಫಾರ್ ವ್ಯಾಲರ್’ ಅಂತಾಯ್ತು. ಎಂಥಾ ಸೂಕ್ಷ್ಮ ನೋಡಿ!

ನಾನು ಓದಿದ್ದು ಇಂಜಿನಿಯರಿಂಗ್, ಷರತ್ತುಗಳನ್ನು ಓದೋ ಚಟ ಬಿಟ್ಟಿಲ್ಲ. ಆ ಪದಕ ಭಾರತೀಯ ಸಿಪಾಯಿಗೆ ಇರಲೇ ಇಲ್ಲ. ನಮ್ಮವರ ಶೌರ್ಯ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1837ರಲ್ಲೇ ಈಸ್ಟ್ ಇಂಡಿಯಾ ಕಂಪನಿ ನಮ್ಮ ಸಿಪಾಯಿಗಳಿಗೆಂದೇ ಆರ್ಡರ್ ಆಫ್ ಮೆರಿಟ್ ಶುರು ಮಾಡಿತ್ತು. ಅದರ ಮೇಲೂ ಇದೇ ಪದ: ‘ರಿವಾರ್ಡ್ ಆಫ್ ವ್ಯಾಲರ್’. ಪದ ಒಂದೇ, ಸಾಲು ಬೇರೆ.

1897ರ ಸೆಪ್ಟೆಂಬರ್ 12ರಂದು ವಾಯವ್ಯ ಗಡಿಯ ಸಾರಾಗಢಿಯಲ್ಲಿ 36ನೇ ಸಿಖ್ ರೆಜಿಮೆಂಟಿನ 21 ಯೋಧರು ಕೊನೆಯುಸಿರಿನವರೆಗೂ ಹೋರಾಡಿದರು. ಅವರಿಗೆ ಸಂದದ್ದೂ ಆರ್ಡರ್ ಆಫ್ ಮೆರಿಟ್ಟೇ.

ವಿಕ್ಟೋರಿಯಾ ಕ್ರಾಸಿನ ಬಾಗಿಲು ನಮ್ಮವರಿಗೆ ತೆರೆದದ್ದು 1911ರಲ್ಲಿ. ಮೂರು ವರ್ಷದ ನಂತರ, ಬೆಲ್ಜಿಯಂನ ಹೊಲೆಬೆಕೆಯಲ್ಲಿ, ಸಿಪಾಯಿ ಖುದಾದಾದ್ ಖಾನ್ ಮೆಷಿನ್ ಗನ್ ತಂಡದ ಜೊತೆಗಾರರೆಲ್ಲ ಸತ್ತ ಮೇಲೂ ಗುಂಡು ಹಾರಿಸುತ್ತಲೇ ಇದ್ದ. ರಾಣಿ ಆರಿಸಿದ ಆ ಪದ ಭಾರತೀಯ ಸಿಪಾಯಿಯ ಎದೆ ಮೇಲೆ ಬಂದದ್ದು ಆಗ.