ನೌಕಾದಳದ ಪಟ್ಟಿಯಿಂದ ಅಳಿಸಿದ ಹೆಸರು

ದುರ್ನಡತೆಯ ಆರೋಪದ ಮೇಲೆ ಸೈನ್ಯದಿಂದ ಹೊರಗಾದವನು ಮತ್ತೆ ಅದೇ ಸಮವಸ್ತ್ರಕ್ಕಾಗಿ ಹಂಬಲಿಸುವುದೇಕೆ? ಹೊಟ್ಟೆಪಾಡಿಗೆಂದರೆ ಬೇರೆ ದಾರಿಗಳಿವೆ. ಕೀರ್ತಿಗೆಂದರೆ ಅದಕ್ಕೂ ದಾರಿಗಳಿಲ್ಲದಿಲ್ಲ. ಆದರೂ ತನ್ನನ್ನು ಹೊರಗೆ ಹಾಕಿದ ಬಾಗಿಲನ್ನೇ 18 ವರ್ಷ ತಟ್ಟಿದ ನಾವಿಕನೊಬ್ಬ ಇಂಗ್ಲೆಂಡಿನಲ್ಲಿದ್ದ. ಆ ಅವಧಿಯಲ್ಲಿ ಆತ ಮೂರು ಪರದೇಶಗಳ ನೌಕಾದಳಗಳನ್ನು ನಡೆಸಿದ. ಒಂದು ದೇಶ ಅವನಿಗೆ ಮಾರ್ಕ್ವಿಸ್ ಪದವಿಯನ್ನೂ ಕೊಟ್ಟಿತು. ಸ್ವದೇಶದ ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂಬ ಕೊರಗು ಮಾತ್ರ ಹೋಗಲಿಲ್ಲ. ಆತನೇ ಥಾಮಸ್ ಕಾಕ್ರನ್.

1775ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಕಾಕ್ರನ್ ಅರ್ಲ್ ಮನೆತನದ ಹಿರಿಯ ಮಗ. ಆದರೆ ಮನೆಯಲ್ಲಿ ಪದವಿಯೊಂದೇ ಉಳಿದಿತ್ತು. ಕಲ್ಲಿದ್ದಲಿನಿಂದ ಟಾರು ತೆಗೆಯುವಂಥ ಪ್ರಯೋಗಗಳಲ್ಲಿ ತಂದೆ ಆಸ್ತಿಯನ್ನೆಲ್ಲ ಕರಗಿಸಿದ್ದ. ಮಗ 1793ರಲ್ಲಿ ಚಿಕ್ಕಪ್ಪನ ಹಡಗು ಹತ್ತಿದ. 1801ರ ಮೇ 6ರಂದು 'ಸ್ಪೀಡಿ' ಎಂಬ ಪುಟ್ಟ ಹಡಗಿನಲ್ಲಿ 54 ಮಂದಿಯನ್ನೂ 14 ಸಣ್ಣ ಫಿರಂಗಿಗಳನ್ನೂ ಇಟ್ಟುಕೊಂಡು, 319 ಜನರಿದ್ದ ಸ್ಪೇನಿನ 'ಗಾಮೊ' ಯುದ್ಧನೌಕೆಯನ್ನು ಸೆರೆಹಿಡಿದು ತಂದ. ಸ್ಪೀಡಿಯ ಗುಂಡುಗಳು ಎಷ್ಟು ಚಿಕ್ಕವೆಂದರೆ, ಹಡಗಿನ ಒಂದು ಪಕ್ಕದ ಫಿರಂಗಿಗಳಿಗೆ ಬೇಕಾದಷ್ಟನ್ನು ಜೇಬಿನಲ್ಲಿಟ್ಟುಕೊಂಡೇ ಅಡ್ಡಾಡಬಹುದಿತ್ತೆಂದು ಆತ ಮುಪ್ಪಿನಲ್ಲಿ ಬರೆಸಿದ ಆತ್ಮಕಥೆಯಲ್ಲಿ ನಗೆಯಾಡಿದ್ದಾನೆ.

ಖಡ್ಗವಷ್ಟೇ ಹರಿತವಾಗಿದ್ದರೆ ಯಾವ ತೊಂದರೆಯೂ ಇರಲಿಲ್ಲ, ನಾಲಿಗೆಯೂ ಹರಿತವಾಗಿತ್ತು. ಪಾರ್ಲಿಮೆಂಟಿನ ಸದಸ್ಯನಾಗಿ ನೌಕಾದಳದ ಲಂಚರುಷುವತ್ತುಗಳನ್ನು ಬಯಲಿಗೆಳೆದ. 1809ರಲ್ಲಿ ಬಾಸ್ಕ್ ರೋಡ್ಸ್ ಎಂಬಲ್ಲಿ ಫ್ರೆಂಚ್ ನೌಕೆಗಳ ಮೇಲೆ ಬೆಂಕಿಯ ಹಡಗುಗಳನ್ನು ನುಗ್ಗಿಸಿ ಅವನ್ನು ದಿಕ್ಕಾಪಾಲು ಮಾಡಿದ್ದಕ್ಕೆ 'ಬಾತ್' ಎಂಬ ವೀರಪದವಿ ದೊರೆಯಿತು. ಅಷ್ಟಕ್ಕೆ ಸುಮ್ಮನಿರದೆ, ತನ್ನ ಮೇಲಧಿಕಾರಿ ಲಾರ್ಡ್ ಗ್ಯಾಂಬಿಯರ್ ಹಿಂಜರಿದುದರಿಂದಲೇ ಪೂರ್ಣ ಜಯ ಕೈತಪ್ಪಿತೆಂದು ಹೇಳಿ, ಪಾರ್ಲಿಮೆಂಟಿನಲ್ಲಿ ಅವನಿಗೆ ಕೃತಜ್ಞತೆ ಸಲ್ಲಿಸುವುದನ್ನು ವಿರೋಧಿಸುವೆನೆಂದ. ಗ್ಯಾಂಬಿಯರ್ ತಾನಾಗಿಯೇ ಸೈನಿಕ ನ್ಯಾಯಾಲಯ ಬೇಡಿ, ನಿರ್ದೋಷಿಯೆನಿಸಿಕೊಂಡು ಹೊರಬಂದ. ಮೇಲಧಿಕಾರಿಯನ್ನು ಎದುರು ಹಾಕಿಕೊಂಡವನ ಗತಿ ಏನಾಗುವುದೆಂದು ಕಚೇರಿಯ ಅನುಭವವಿರುವ ಓದುಗರಿಗೆ ವಿವರಿಸಬೇಕಾಗಿಲ್ಲ. ಕಾಕ್ರನ್ ಐದು ವರ್ಷ ಮೂಲೆಯಲ್ಲಿ ಕುಳಿತ.

1814ರಲ್ಲಿ ಕಡೆಗೂ ಕರೆ ಬಂತು. ಅಮೆರಿಕದ ಯುದ್ಧಕ್ಕೆ ಹೊರಟಿದ್ದ 'ಟೊನಾಂಟ್' ಹಡಗಿಗೆ ಅವನನ್ನು ನಾಯಕನನ್ನಾಗಿ ನೇಮಿಸಿದ್ದರು. ಅಷ್ಟರಲ್ಲಿ ಫೆಬ್ರವರಿ 21ರ ಬೆಳಗಿನ ಜಾವ, ಡೋವರ್ ರೇವಿನಲ್ಲಿ ಸೇನಾಧಿಕಾರಿಯ ವೇಷದವನೊಬ್ಬ ಕಾಣಿಸಿಕೊಂಡು, ನೆಪೋಲಿಯನ್ ಸತ್ತನೆಂದು ಸಾರಿದ. ಸುದ್ದಿ ಲಂಡನ್ನಿಗೆ ಮುಟ್ಟಿದೊಡನೆ ಸರ್ಕಾರಿ ಸಾಲಪತ್ರಗಳ ಬೆಲೆ ಏರಿತು. ಸಂಜೆಯೊಳಗೆ ಅದು ಸುಳ್ಳೆಂದು ತಿಳಿದು ಬೆಲೆ ಇಳಿಯಿತು. ನಡುವಿನಲ್ಲಿ ಮಾರಿದವರು ಲಾಭ ಮಾಡಿಕೊಂಡಿದ್ದರು. ಹಾಗೆ ಮಾರಿದವರಲ್ಲಿ ಕಾಕ್ರನ್ನನ ಇನ್ನೊಬ್ಬ ಚಿಕ್ಕಪ್ಪನೂ ಇದ್ದ, ಕಾಕ್ರನ್ನನೂ ಇದ್ದ. ಆತನ ಪಾಲಿನ ಸಾಲಪತ್ರಗಳ ಮೌಲ್ಯ 1,39,000 ಪೌಂಡು. ಬೆಲೆ ಶೇಕಡ ಒಂದರಷ್ಟು ಏರಿದೊಡನೆ ಮಾರಿಬಿಡುವಂತೆ ದಳ್ಳಾಳಿಗೆ ಮೊದಲೇ ಹೇಳಿಟ್ಟಿದ್ದೆನೆಂಬುದು ಆತನ ಸಮಜಾಯಿಷಿ.

ಇಷ್ಟೇ ಆಗಿದ್ದರೆ ಬಚಾವಾಗುತ್ತಿದ್ದನೋ ಏನೋ. ಆ ವೇಷಧಾರಿ ಡೋವರಿನಿಂದ ನೆಟ್ಟಗೆ ಹೋಗಿ ಇಳಿದದ್ದು ಕಾಕ್ರನ್ನನ ಮನೆಯ ಬಾಗಿಲಲ್ಲಿ! ತಾನು ಕಂಡುಹಿಡಿದಿದ್ದ ಹೊಸ ದೀಪದ ಕೆಲಸದಲ್ಲಿ ಕಾರ್ಖಾನೆಯಲ್ಲಿದ್ದವನು ಕರೆ ಬಂದು ಮನೆಗೆ ಮರಳಿದ. ಬಂದಾತ ತನ್ನನ್ನೂ ಹಡಗಿನಲ್ಲಿ ಅಮೆರಿಕಕ್ಕೆ ಕರೆದೊಯ್ಯುವಂತೆ ಬೇಡಿದ. ಅದು ಆಗದೆಂದು ಹೇಳಿ, ಹಾಕಿಕೊಳ್ಳಲು ಒಂದು ಕೋಟನ್ನೂ ಟೋಪಿಯನ್ನೂ ಕೊಟ್ಟು ಕಳಿಸಿದೆ ಎಂದು ಕಾಕ್ರನ್ ಪ್ರಮಾಣಪತ್ರ ಸಲ್ಲಿಸಿದ. ಆತನ ಹೆಸರು ಡಿ ಬೆರಂಜೆ ಎಂದು ಮೊದಲು ಪ್ರಕಟಿಸಿದವನೂ ಕಾಕ್ರನ್ನನೇ. ತಪ್ಪಿತಸ್ಥನಾದವನು ಹಾಗೆ ಮಾಡುತ್ತಿದ್ದನೇ? ನ್ಯಾಯಾಲಯದಲ್ಲಿ ಬಂದು ನಿಂತ ಪ್ರಶ್ನೆ ಮಾತ್ರ ಬೇರೆ: ಬಂದವನು ತೊಟ್ಟಿದ್ದ ಕೋಟು ಹಸುರೋ ಕೆಂಪೋ? ಡಿ ಬೆರಂಜೆ ಸೇರಿದ್ದ ದಳದ ಬಣ್ಣ ಹಸುರು. ಡೋವರಿನ ವೇಷದ ಬಣ್ಣ ಕೆಂಪು. ಕಾಕ್ರನ್ ಹಸುರೆಂದ; ಸಾಕ್ಷಿಗಳು ಕೆಂಪೆಂದರು. ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ಸರ್ಕಾರದ ಕಡೆಯವನೆಂದು ಹೆಸರಾಗಿದ್ದವನು.

ಶಿಕ್ಷೆ ಒಂದು ವರ್ಷದ ಸೆರೆ, 1,000 ಪೌಂಡು ಜುಲ್ಮಾನೆ, ಒಂದು ಗಂಟೆ ಕಾಲ ಬೀದಿಯಲ್ಲಿ ಹಲಗೆಗೆ ಸಿಕ್ಕಿಸಿ ನಿಲ್ಲಿಸುವುದು. ಈ ಕೊನೆಯದನ್ನು ಮನ್ನಾ ಮಾಡಿದರು. ಪಾರ್ಲಿಮೆಂಟು ಹೊರಹಾಕಿತು; ಅದೇ ಜುಲೈ ತಿಂಗಳಲ್ಲಿ ವೆಸ್ಟ್‌ಮಿನ್‌ಸ್ಟರಿನ ಮತದಾರರು ಅವಿರೋಧವಾಗಿ ಮತ್ತೆ ಆರಿಸಿ ಕಳಿಸಿದರು. ಬಾತ್ ಪದವಿಯ ಗುರುತಾಗಿ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ತೂಗುಹಾಕಿದ್ದ ಆತನ ಧ್ವಜವನ್ನು ಕಿತ್ತು, ಮೆಟ್ಟಿಲ ಮೇಲಿಂದ ಕಾಲಿನಲ್ಲಿ ಒದ್ದು ಉರುಳಿಸಿದರು. ನೌಕಾದಳದ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು.

ಈ ಪಟ್ಟಿಯ ಮಹತ್ವವನ್ನು ಸ್ವಲ್ಪ ಹೇಳಬೇಕು. ಆ ಕಾಲದ ಬ್ರಿಟಿಷ್ ನೌಕಾದಳದಲ್ಲಿ ಪೂರ್ಣ ಕ್ಯಾಪ್ಟನ್ ಆದವನಿಗೆ ಅಲ್ಲಿಂದ ಮುಂದಿನ ಬಡ್ತಿಯೆಲ್ಲ ಸೀನಿಯಾರಿಟಿಯಿಂದಲೇ. ಮೇಲಿನವರು ಸತ್ತಂತೆ ಕೆಳಗಿನವರು ಒಂದೊಂದೇ ಮೆಟ್ಟಿಲು ಏರಿ ಅಡ್ಮಿರಲ್ ಆಗುತ್ತಿದ್ದರು. ಹೆಸರು ಅಳಿಸಿತೆಂದರೆ ಕೆಲಸವೊಂದೇ ಅಲ್ಲ, ಆ ಸಾಲಿನಲ್ಲಿ ನಿಂತ ಜಾಗವೇ ಹೋದಂತೆ.

ಮುಂದಿನ ಸಾಹಸಗಳನ್ನು ಬೇಗ ಹೇಳಿಬಿಡುತ್ತೇನೆ. ಅವಕ್ಕಾಗಿಯೇ ಬೇರೆ ಪುಸ್ತಕಗಳಿವೆ. 1818ರಲ್ಲಿ ಚಿಲಿಗೆ ಹೋದ. ಅಲ್ಲಿ ಅವನ ಕೈಗೆ ಬಂದ ದೊಡ್ಡ ಹಡಗುಗಳಲ್ಲಿ ಎರಡು, ಹಿಂದೆ ನಮ್ಮ ಕಡಲುಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರಕು ಹೊತ್ತು ತಿರುಗಿದವು. ಅಂಥವನ್ನೇ ಕಟ್ಟಿಕೊಂಡು 1820ರಲ್ಲಿ ವಾಲ್ದಿವಿಯಾದ ಕೋಟೆಗಳನ್ನೂ, ಕಾಯಾವೊ ಬಂದರಿನೊಳಗಿಂದ 'ಎಸ್ಮೆರಾಲ್ದ' ಎಂಬ ಸ್ಪೇನಿನ ನೌಕೆಯನ್ನೂ ಹಿಡಿದ. ಆಮೇಲೆ ಬ್ರೆಜಿಲ್, ಆಮೇಲೆ ಗ್ರೀಸ್. ಗ್ರೀಸಿನಲ್ಲಿ ಮಾತ್ರ ಹೆಚ್ಚೇನೂ ಕೈಗೂಡಲಿಲ್ಲ. ಇತ್ತ ಬ್ರಿಟಿಷ್ ಸರ್ಕಾರ 1819ರಲ್ಲಿ, ತನ್ನ ಪ್ರಜೆಗಳು ಅನುಮತಿಯಿಲ್ಲದೆ ಪರದೇಶದ ಸೈನ್ಯಗಳನ್ನು ಸೇರಬಾರದೆಂದು ಕಾನೂನು ಮಾಡಿತು.

ಈ ಹೊತ್ತೆಲ್ಲ ಆತ ಬಯಸುತ್ತಿದ್ದದ್ದು ಒಂದೇ: ಮರುವಿಚಾರಣೆ. 1814ರಲ್ಲಿಯೇ ಕೇಳಿದ್ದ. ಒಳಸಂಚಿನ ಮೊಕದ್ದಮೆಯಲ್ಲಿ ಶಿಕ್ಷೆಯಾದವರೆಲ್ಲ ಹಾಜರಿದ್ದರೆ ಮಾತ್ರ ಅರ್ಜಿ ಕೇಳುತ್ತೇವೆಂದು ನ್ಯಾಯಾಲಯ ಹೇಳಿತು. ಚಿಕ್ಕಪ್ಪ ಆಗಲೇ ದೇಶ ಬಿಟ್ಟು ಪರಾರಿ! ಓಡಿಹೋದವನು ಮರಳದಿದ್ದರೆ ನಿಂತವನ ಮಾತು ಕೇಳುವುದಿಲ್ಲವೆಂಬ ಈ ನಿಯಮಕ್ಕಿಂತ ಕ್ರೂರವಾದದ್ದು ಆ ತೀರ್ಪಿನಲ್ಲಿಯೂ ಇಲ್ಲವೆಂದು ನನಗನ್ನಿಸುತ್ತದೆ.

ನಾಲ್ಕನೆಯ ವಿಲಿಯಂ ಪಟ್ಟಕ್ಕೆ ಬಂದ ಮೇಲೆ ಗಾಳಿ ತಿರುಗಿತು. ಆ ಅರಸ ಸ್ವತಃ ನಾವಿಕ. ಕಾಕ್ರನ್ನನ ಪತ್ನಿ ಕ್ಯಾಥರೀನ್ ಅರಸನಲ್ಲಿಗೆ ಹೋಗಿ ಮೊರೆಯಿಟ್ಟಳು. 1832ರ ಮೇ ತಿಂಗಳಲ್ಲಿ ಹೆಸರು ಪಟ್ಟಿಗೆ ಮರಳಿತು. ಸಾಲಿನಲ್ಲಿ ಕಳೆದ ಜಾಗವೂ ಸಿಕ್ಕಿ, ಹೊರಗೆ ಹೋಗುವಾಗ ಕ್ಯಾಪ್ಟನ್ ಆಗಿದ್ದವನು ಒಳಗೆ ಬರುವಾಗ ರಿಯರ್ ಅಡ್ಮಿರಲ್. ಆದರೆ ಅವನಿಗೆ ದೊರೆತದ್ದು ಮರುವಿಚಾರಣೆಯಲ್ಲ, ಅರಸನ ಕ್ಷಮೆ. ತಪ್ಪು ಮಾಡಿಲ್ಲವೆಂದು ಕೂಗುತ್ತಿದ್ದವನಿಗೆ, ಹೋಗಲಿ ಬಿಡು, ಮನ್ನಿಸಿದ್ದೇವೆ ಎಂದಂತೆ. ಫ್ರಾನ್ಸಿನ ಡ್ರೈಫಸ್ ಕೂಡ 1899ರಲ್ಲಿ ಇಂಥದೇ ಕ್ಷಮೆಯನ್ನು ಒಪ್ಪಿಕೊಂಡ. ಆದರೆ ಹೋರಾಟ ಬಿಡಲಿಲ್ಲ, 1906ರಲ್ಲಿ ಉಚ್ಚ ನ್ಯಾಯಾಲಯವೇ ತೀರ್ಪನ್ನು ರದ್ದುಮಾಡಿತು. ಆ ಭಾಗ್ಯ ಕಾಕ್ರನ್ನನಿಗೆ ಬರಲಿಲ್ಲ.

ಆತ ನಿಜವಾಗಿ ನಿರಪರಾಧಿಯೇ? ಇತಿಹಾಸಕಾರರಲ್ಲಿ ಇಂದಿಗೂ ಎರಡು ಪಕ್ಷಗಳಿವೆ. ಚಿಕ್ಕಪ್ಪನ ಕೈವಾಡದಲ್ಲಿ ನನಗೆ ಸಂದೇಹವಿಲ್ಲ. ಕಾಕ್ರನ್ನನಿಗೆ ಹಣದಾಸೆ ಬೇಕಾದಷ್ಟಿತ್ತು. ಚಿಲಿಯಲ್ಲಿಯೂ ಬ್ರೆಜಿಲಿನಲ್ಲಿಯೂ ಬಾಕಿಗಾಗಿ ಜಗಳವಾಡದೆ ಹೊರಟವನಲ್ಲ. ಆದರೂ ಅಪರಾಧದ ವೇಷಧಾರಿಯನ್ನು ಹಗಲಿನಲ್ಲಿ ತನ್ನ ಮನೆಗೇ ಬರಮಾಡಿಕೊಂಡು, ಆಮೇಲೆ ಅವನ ಹೆಸರನ್ನು ತಾನೇ ಹೇಳುವಷ್ಟು ದಡ್ಡತನವನ್ನು ಆ ತಂತ್ರಗಾರನಿಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪಟ್ಟಿಗೆ ಮರಳಿದ ಮೇಲೂ ಆತ ಒಡನೆ ಹಡಗು ಹತ್ತಲಿಲ್ಲ. ಬಾತ್ ಪದವಿ ಮರಳುವವರೆಗೆ ಅಧಿಕಾರ ವಹಿಸುವುದಿಲ್ಲವೆಂದು ಹಟ ಹಿಡಿದ. ಹಟಕ್ಕೆ ತೆತ್ತ ಬೆಲೆ ಇನ್ನು 15 ವರ್ಷ. 1847ರಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಕೊಟ್ಟಳು. ಮರುವರ್ಷ, 72ರ ವಯಸ್ಸಿನಲ್ಲಿ, ಉತ್ತರ ಅಮೆರಿಕ ಮತ್ತು ವೆಸ್ಟ್ ಇಂಡೀಸಿನ ನೌಕಾಪಡೆಗೆ ಅಧಿಪತಿಯಾದ. ಕ್ರಿಮಿಯಾ ಯುದ್ಧದಲ್ಲಿ ರಷ್ಯದ ಕೋಟೆಗಳನ್ನು ಗಂಧಕದ ಹೊಗೆಯಿಂದ ಖಾಲಿ ಮಾಡಿಸುವೆನೆಂದು ಮುಂದೆ ಬಂದ, ಸರ್ಕಾರ ಒಪ್ಪಲಿಲ್ಲ.

1860ರ ಅಕ್ಟೋಬರ್ 31ರಂದು ಕಾಕ್ರನ್ ತೀರಿಕೊಂಡ. ಸಮಾಧಿ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಎಂದು ತೀರ್ಮಾನವಾಯಿತು. 46 ವರ್ಷದ ಹಿಂದೆ ಒದ್ದು ಉರುಳಿಸಿದ್ದ ಧ್ವಜದ ಜಾಗಕ್ಕೆ, ರಾಣಿಯ ಅಪ್ಪಣೆಯಂತೆ, ಶವಸಂಸ್ಕಾರದ ಹಿಂದಿನ ದಿನ ಅವನ ಧ್ವಜ ಮರಳಿತು. 1814ರಲ್ಲಿ ಆತನ ಪರವಾಗಿ ನಿಂತ ವಕೀಲರಲ್ಲೊಬ್ಬನಾದ ಬ್ರೂಂ, 82 ವರ್ಷದ ಮುದುಕ, ಅಂತ್ಯಕ್ರಿಯೆಗೆ ಬಂದಿದ್ದ. ಮಂತ್ರಿಗಳು ಯಾರೂ ಬಂದಿರಲಿಲ್ಲ.